ಖಾಲಿಯಲ್ಲದ ಜಾಗ: ಪ್ಯಾರಿಸ್ಸಿನ ಬೂಫ್ ದ್ಯು ನಾರ್ ಮತ್ತು ಒಂದು ಮಹಾಭಾರತ

ನಾನು ಮಾತಾಡೋದು ಪ್ಯಾರಿಸ್ಸಿನ ಹಳೆಯ ರಂಗಮಂದಿರವೊಂದರ ಬಗ್ಗೆ. ಅದರ ಹೆಸರು ಬೂಫ್ ದ್ಯು ನಾರ್. ಕನ್ನಡ ಓದುವವರಿಗೆ ಇದೇಕೆ ಅಂತ ಕೇಳಬಹುದು. ಪೀಟರ್ ಬ್ರೂಕ್ ಅವರ ಮಹಾಭಾರತಕ್ಕೆ ಅದೇ ಮನೆ.

ಮೊದಲು ಇತಿಹಾಸ. 1876ರಲ್ಲಿ ನಗರದ ಉತ್ತರ ಭಾಗದಲ್ಲಿ, ದೊಡ್ಡ ರೈಲು ನಿಲ್ದಾಣದ ಹತ್ತಿರ, ದುಡಿಯುವ ಜನರ ಬಡಾವಣೆಯಲ್ಲಿ ಇದು ಶುರುವಾಯಿತು. ನಡೆಸುವವರು ಮತ್ತೆ ಮತ್ತೆ ಬದಲಾದರು, ನಡುವೆ ಹೆಸರೂ ಬದಲಾಯಿತು. 1952ರಲ್ಲಿ ಬಾಗಿಲು ಮುಚ್ಚಿತು. ಎರಡು ದಶಕ ಹಾಳುಬಿದ್ದ ಕಟ್ಟಡವನ್ನು 1974ರಲ್ಲಿ ಬ್ರೂಕ್ ಮತ್ತು ಮಿಶೆಲಿನ್ ರೋಜಾನ್ ಶೇಕ್ಸ್‌ಪಿಯರನ 'ಟೈಮನ್ ಆಫ್ ಅಥೆನ್ಸ್' ನಾಟಕದೊಂದಿಗೆ ಮತ್ತೆ ತೆರೆದರು. ಗೋಡೆಗೆ ಹೊಸ ಬಣ್ಣ ಬಳಿಸಲಿಲ್ಲ. ಸುಲಿದ ಗಾರೆ, ಹಳೆಯ ಕಲೆಗಳು ಹಾಗೇ ಉಳಿದವು. ನಟರು ಪ್ರೇಕ್ಷಕರ ಮಟ್ಟಕ್ಕೇ ಇಳಿದು ಆಡಿದರು.

1968ರಲ್ಲಿ 'ದಿ ಎಂಪ್ಟಿ ಸ್ಪೇಸ್' ಬರೆದವರೂ ಇದೇ ಬ್ರೂಕ್. ಯಾವ ಖಾಲಿ ಜಾಗವೂ ರಂಗಭೂಮಿ ಆಗಬಹುದು ಅನ್ನೋದು ಅಲ್ಲಿನ ವಾದ. ಆದರೆ ಅವರಿಗೆ ಸಿಕ್ಕಿದ ಜಾಗ ಖಾಲಿ ಇರಲಿಲ್ಲ. ಅದರ ತುಂಬ ಸುಮಾರು ನೂರು ವರ್ಷದ ಸವೆತ ಇತ್ತು. ಆ ಸವೆತವೇ ಮುಂದೆ ಒಂದು ಶೈಲಿಯಾಯಿತು. 1987ರಲ್ಲಿ ಮಹಾಭಾರತ ನ್ಯೂಯಾರ್ಕಿಗೆ ಹೋದಾಗ, ಬ್ರೂಕ್‌ಲಿನ್ನಿನಲ್ಲಿ ಮುಚ್ಚಿಹೋಗಿದ್ದ ಮೆಜೆಸ್ಟಿಕ್ ರಂಗಮಂದಿರವನ್ನು ಹಳತಾಗಿಯೇ ಕಾಣುವ ಹಾಗೆ ಸಿದ್ಧಮಾಡಿದರು. ಪ್ಯಾರಿಸ್ಸಿನಲ್ಲಿ ತಾನಾಗಿ ಆದದ್ದನ್ನು ಇಲ್ಲಿ ಬೇಕೆಂದು ಉಳಿಸಿಕೊಳ್ಳಬೇಕಾಯಿತು.

ಈಗ ಮುಖ್ಯ ಮಾತು. ಜ್ಯಾಂ ಕ್ಲೋದ್ ಕ್ಯಾರಿಯೇರ್ ಬರೆದ ಒಂಬತ್ತು ಗಂಟೆಯ ಈ ನಾಟಕ 1985ರಲ್ಲಿ ಅವಿನ್ಯೋನ್ ಉತ್ಸವಕ್ಕಾಗಿ ಒಂದು ಕಲ್ಲುಗಣಿಯಲ್ಲಿ ಮೊದಲು ಆಡಿ, ಆಮೇಲೆ ಈ ರಂಗಮಂದಿರಕ್ಕೆ ಬಂತು. ನಾನು ನೋಡಿರೋದು 1989ರ ಸಿನಿಮಾ ರೂಪ ಮಾತ್ರ. ಹಾಗಾಗಿ ರಂಗದ ನಟನೆ ಬಗ್ಗೆ ತೀರ್ಪು ಕೊಡೋದಿಲ್ಲ. ನಾನಾ ದೇಶದ ನಟರು, ನಾನಾ ಉಚ್ಚಾರಣೆ, ಇದು ಇಡೀ ಮನುಕುಲದ ಕಥೆ ಅನ್ನುವ ಧೋರಣೆ. ಭಾರತದ ಸಮಾಜ ಮತ್ತು ಚರಿತ್ರೆಯಿಂದ ಕಥೆಯನ್ನು ಕಿತ್ತು ತೆಗೆದರು ಅಂತ ರುಸ್ತುಂ ಭರೂಚಾ ಆಕ್ಷೇಪಿಸಿದರು. ನನಗೆ ಆ ಆಕ್ಷೇಪ ಸರಿ ಅನ್ನಿಸುತ್ತೆ, ಆದರೆ ಪೂರ್ತಿ ಸಾಲದು. ಕಿತ್ತು ನೆಡುವುದೇ ತಪ್ಪಾದರೆ ನಮ್ಮ ಪಂಪನ ಗತಿ ಏನು?

ಪಂಪ ಕನ್ನಡದಲ್ಲಿ ಭಾರತ ಬರೆದದ್ದು ವೇಮುಲವಾಡದ ಚಾಲುಕ್ಯರ ಆಸ್ಥಾನದಲ್ಲಿ. ಆ ಊರು ಇವತ್ತು ತೆಲಂಗಾಣದಲ್ಲಿದೆ. ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಎಲ್ಲರಿಗೂ ಕಾಣುವ ಹಾಗೆ ಸೇರಿಸಿದ. ಯಾರ ಅನ್ನ ಉಂಡು, ಯಾರಿಗಾಗಿ ಹೇಳ್ತಿದ್ದೀನಿ ಅನ್ನೋದನ್ನು ಮುಚ್ಚಿಡಲಿಲ್ಲ. ಆ ಹೊಗಳಿಕೆಯ ಜೊತೆ ನಾವು ಜಗಳ ಆಡಬಹುದು, ಯಾಕಂದ್ರೆ ಅದು ಕಣ್ಣೆದುರಿಗೇ ಇದೆ. ಬ್ರೂಕ್ ಅವರ ಮಹಾಭಾರತವೂ ಒಂದು ಊರಿನದ್ದೇ, ಪ್ಯಾರಿಸ್ಸಿನದ್ದು. ಅದನ್ನು ಅದು ಹೇಳಿಕೊಳ್ಳಲಿಲ್ಲ. ಗೋಡೆಯ ಕಲೆಗಳನ್ನು ಅಷ್ಟು ಜೋಪಾನವಾಗಿ ಕಾಪಾಡಿದ ರಂಗಮಂದಿರ, ಕಥೆಯ ಮೈಮೇಲಿನ ಕಲೆಗಳನ್ನು ತೊಳೆದುಹಾಕಿತು. ನನ್ನ ತಕರಾರು ಇಷ್ಟೇ.

ಗಡಿಯಾಚೆಯ ಕನ್ನಡ ಓದುವ ನಮಗೆ ಈ ವ್ಯತ್ಯಾಸ ಮುಖ್ಯ. ನಮ್ಮ ಪಠ್ಯಗಳು ಹುಟ್ಟಿದ ಊರುಗಳು ಬೇರೆ ರಾಜ್ಯದ ನಕಾಶೆಯಲ್ಲಿವೆ. 'ಎಲ್ಲರ ಕಥೆ' ಅಂದ ತಕ್ಷಣ ಮೊದಲು ಅಳಿಸಿಹೋಗೋದು ಇಂಥ ಊರಿನ ಹೆಸರೇ. ಇನ್ನು ಚರ್ಚೆಗೆ ಬಿಡ್ತೀನಿ.