ಕ್ಷಮೆಯ ಹಬ್ಬದಲ್ಲಿ ಕೆಬೆನ್‌ಗೆ ಜಾಗವಿಲ್ಲ

ಫ್ರಾನ್ಸ್ ದೇಶದ ಪಶ್ಚಿಮದ ತುದಿಗೆ, ಸಮುದ್ರದೊಳಕ್ಕೆ ಚಾಚಿಕೊಂಡಂತೆ ಬ್ರಿಟನಿ ಎಂಬ ಸೀಮೆಯಿದೆ. ಅಲ್ಲಿಯ ಕಥೋಲಿಕ ಕ್ರೈಸ್ತರು ತಮ್ಮ ಊರ ಸಂತನ ಹಬ್ಬಕ್ಕೆ, ಎಂದರೆ ನಾವು ಜಾತ್ರೆ ಎನ್ನುವುದಕ್ಕೆ, 'ಪಾರ್ದೊಂ' ಎನ್ನುತ್ತಾರೆ. ಹಾಗೆಂದರೆ ಕ್ಷಮೆ. ನಡೆದು ಬಂದು, ಮಾಡಿದ ತಪ್ಪು ಒಪ್ಪಿಕೊಂಡು, ಹಗುರಾಗಿ ಮನೆಗೆ ಮರಳುವ ಹಬ್ಬ. ಜಾತ್ರೆಗೆ ಇದಕ್ಕಿಂತ ಒಳ್ಳೆಯ ಹೆಸರು ಇರಲಾರದು ಎಂದು ಮೊದಲು ನನಗೆ ಅನಿಸಿತ್ತು. ಆ ಸೀಮೆಯವನೇ ಆದ ಅನಾತೋಲ್ ಲ ಬ್ರಾಸ್ ಎಂಬ ಲೇಖಕ 1894ರಲ್ಲಿ ಈ ಹಬ್ಬಗಳ ಕುರಿತೇ ಒಂದು ಪುಸ್ತಕ ಬರೆದ. 1906ರಲ್ಲಿ ಅದು ಇಂಗ್ಲಿಷಿಗೂ ಬಂತು. ಅದರಲ್ಲಿ ಅವನು ಬೆಟ್ಟದ ಪಾರ್ದೊಂ ಎಂದು ಕರೆದಿರುವ ಲೊಕ್ರೊನಾನ್ ಊರಿನ ಯಾತ್ರೆಯ ವಿಷಯ ತಿಳಿದ ಮೇಲೆ, ಆ ಒಳ್ಳೆಯ ಹೆಸರಿನ ಮೇಲೆಯೇ ನನ್ನ ತಕರಾರು ಶುರುವಾಯಿತು.

ನಾನು ಆ ಊರನ್ನು ಕಂಡವಳಲ್ಲ. ಆದರೆ ಆಷಾಢದಲ್ಲಿ ಪಂಢರಪುರದ ದಾರಿ ಕಂಡವರಿಗೆ ಈ ಯಾತ್ರೆ ಅಷ್ಟೇನೂ ಅಪರಿಚಿತವಲ್ಲ. ಲೊಕ್ರೊನಾನ್ ಒಂದು ಸಣ್ಣ ಊರು. ಒಂದು ಕಾಲಕ್ಕೆ ಹಡಗಿನ ಹಾಯಿಗೆ ಬೇಕಾದ ಬಟ್ಟೆ ನೇಯ್ದು ಸಿರಿವಂತವಾಗಿತ್ತು. ಐರ್ಲೆಂಡಿನಿಂದ ಬಂದು ಅಲ್ಲಿಯ ಕಾಡಿನಲ್ಲಿ ನೆಲೆಸಿದ ಸಂತ ರೊನಾನ್ ಎಂಬ ತಪಸ್ವಿ ನಡೆಯುತ್ತಿದ್ದ ದಾರಿಯಲ್ಲೇ ಇಂದಿಗೂ ಜನ ನಡೆಯುತ್ತಾರೆ. ಇದಕ್ಕೆ ತ್ರೊಮೇನಿ ಎಂದು ಹೆಸರು. ಪ್ರತಿವರ್ಷ ಸಣ್ಣ ಸುತ್ತು. ಆರು ವರ್ಷಕ್ಕೊಮ್ಮೆ, ಜುಲೈ ತಿಂಗಳ ಎರಡನೆಯ ಮತ್ತು ಮೂರನೆಯ ಭಾನುವಾರ, ಸುಮಾರು 12 ಕಿಲೋಮೀಟರಿನ ದೊಡ್ಡ ಸುತ್ತು. 2019ರಲ್ಲಿ ಆಯಿತು, 2025ರಲ್ಲಿ ಆಯಿತು, ಇನ್ನು 2031ಕ್ಕೆ. ಹೊಲ ಹಾದು, ಬೆಟ್ಟ ಹತ್ತಿ, 12 ಕಡೆ ನಿಂತು ಪ್ರಾರ್ಥಿಸುತ್ತಾರೆ. ದಾರಿಯುದ್ದಕ್ಕೂ ಸೊಪ್ಪುಸದೆಯ ಪುಟ್ಟ ಗುಡಿಸಲು ಕಟ್ಟಿ ಸಂತರ ಮೂರ್ತಿಗಳನ್ನು ಇಟ್ಟಿರುತ್ತಾರೆ. ಬದುಕಿದ್ದಾಗ ಈ ಸುತ್ತು ನಡೆಯದವರು ಸತ್ತ ಮೇಲೆ ನಡೆಯಲೇಬೇಕು, ಅದೂ ಒಂದು ಸಲಕ್ಕೆ ಶವದ ಪೆಟ್ಟಿಗೆಯ ಉದ್ದದಷ್ಟೇ ಮುಂದೆ ಸಾಗುತ್ತ, ಎಂಬ ನಂಬಿಕೆ ಹಿಂದಿನವರಲ್ಲಿತ್ತು. ಇಷ್ಟೂ ನನಗೆ ಪ್ರಿಯವೇ.

ತಕರಾರು ಇರುವುದು ಈ ದಾರಿಯ ಕಥೆಯಲ್ಲಿ. ರೊನಾನನ ಮಾತು ಕೇಳಲು ಒಬ್ಬ ರೈತ ಅವನ ಗುಡಿಸಲಿಗೆ ಹೋಗತೊಡಗಿದ. ದಿನವೂ ಹೋಗತೊಡಗಿದ. ಅವನ ಹೆಂಡತಿ ಕೆಬೆನ್. ಹೊಲಮನೆ ಬಿಟ್ಟು ಗಂಡ ಹೀಗೆ ತಪಸ್ವಿಯ ಹಿಂದೆ ಬಿದ್ದದ್ದು ಅವಳಿಗೆ ಸರಿಬರಲಿಲ್ಲ. ಇಲ್ಲಿಯವರೆಗೆ ಕಥೆ ನಮ್ಮ ಪಕ್ಕದ ಮನೆಯದು. ಮುಂದೆ ಅದು ತಟ್ಟನೆ ಬೇರೆ ಜಾಡು ಹಿಡಿಯುತ್ತದೆ. ಕೆಬೆನ್ ತನ್ನ ಚಿಕ್ಕ ಮಗಳನ್ನು ಪೆಟ್ಟಿಗೆಯೊಳಗೆ ಅಡಗಿಸಿ, ರೊನಾನ್ ತೋಳವಾಗಿ ಬಂದು ಮಗುವನ್ನು ತಿಂದನೆಂದು ರಾಜ ಗ್ರಾದ್ಲೋನನ ಮುಂದೆ ದೂರು ಒಯ್ದಳಂತೆ. ರಾಜ ನಾಯಿಗಳನ್ನು ಛೂ ಬಿಟ್ಟರೆ ಅವು ಸಂತನ ಮುಂದೆ ಸುಮ್ಮನಾದವು. ಪೆಟ್ಟಿಗೆ ತೆರೆದರೆ ಮಗು ಉಸಿರುಗಟ್ಟಿ ಸತ್ತಿತ್ತು. ಸಂತ ಅದನ್ನು ಬದುಕಿಸಿದ. ವರ್ಷಗಳು ಕಳೆದು ಬೇರೆ ಊರಲ್ಲಿ ರೊನಾನ್ ತೀರಿಕೊಂಡಾಗ, ಹೊಡೆಯುವವರಿಲ್ಲದ ಎತ್ತಿನ ಬಂಡಿ ಅವನ ದೇಹವನ್ನು ಹೊತ್ತು ಈ ಬೆಟ್ಟದ ಕಡೆಗೆ ಬಂತು. ದಾರಿಯಲ್ಲಿ ಕೆಬೆನ್ ಬಟ್ಟೆ ಒಗೆಯುತ್ತಿದ್ದಳು. ಬಟ್ಟೆ ಬಡಿಯುವ ಕೊಡತಿಯಿಂದ ಎತ್ತಿಗೆ ಹೊಡೆದಳು. ಮುರಿದ ಕೊಂಬು ಬಿದ್ದ ಜಾಗ ಇಂದು ಯಾತ್ರೆಯ ತುತ್ತತುದಿ. ಅವಳನ್ನು ಭೂಮಿ ಬಾಯಿಬಿಟ್ಟು ನುಂಗಿತು. ಅಲ್ಲೊಂದು ಶಿಲುಬೆ ಇದೆ, ಕೆಬೆನ್ ಶಿಲುಬೆ. ಹಿಂದಿನ ಯಾತ್ರಿಕರು ಅದೊಂದಕ್ಕೆ ಮಾತ್ರ ಕೈಮುಗಿಯದೆ ಹೋಗುತ್ತಿದ್ದರೆಂದು ಹೇಳಿಕೆ.

ಕಥೆ ಕಟ್ಟಿದವರ ಜಾಣತನ ನೋಡಿ. ಕೆಬೆನ್‌ಳದು ಮೊದಲಿಗೆ ಒಂದು ದೂರು ಮಾತ್ರ. ಗಂಡ ಮನೆ ನೋಡುತ್ತಿಲ್ಲ ಎಂಬ ಆ ದೂರಿಗೆ ಕಥೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಸಂತನೂ 'ಈ ಹೊತ್ತು ಹೊಲಕ್ಕೆ ಹೋಗಪ್ಪ' ಎಂದು ಅವಳ ಗಂಡನಿಗೆ ಹೇಳಿದ ಹಾಗಿಲ್ಲ. ಉತ್ತರ ಇಲ್ಲದಾಗ ಮಾಡುವುದೇನು? ದೂರಿದವಳ ತಲೆಗೆ ಒಂದು ಅಪರಾಧ ಕಟ್ಟುವುದು. ಅದೂ ಎಂಥದು, ಹೆತ್ತ ಮಗುವಿನ ಸಾವು! ಮಗುವನ್ನು ಕೊಂದವಳ ಮಾತನ್ನು ಯಾರು ಕೇಳುತ್ತಾರೆ? ಪೆಟ್ಟಿಗೆಯೊಳಗೆ ಉಸಿರುಗಟ್ಟಿದ್ದು ಮಗುವಿನ ಜೊತೆಗೆ ಆ ದೂರು ಕೂಡ. ಸಂತ ಮಗುವನ್ನು ಬದುಕಿಸಿದ. ದೂರನ್ನು ಯಾರೂ ಬದುಕಿಸಲಿಲ್ಲ.

ಕೆಬೆನ್ ಹಳೆಯ ಧರ್ಮದ ಪೂಜಾರಿಣಿಯಾಗಿದ್ದಿರಬೇಕು, ಹೊಸ ಧರ್ಮ ಬಂದಾಗ ಅವಳನ್ನು ದುಷ್ಟಳಾಗಿಸಿದರು ಎನ್ನುವವರೂ ಇದ್ದಾರೆ. ಇದು ಅವಳ ಪರವಾದ ಮಾತೇ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಂದು ಕಡೆಯವರು ಅವಳನ್ನು ರಾಕ್ಷಸಿ ಮಾಡಿದರೆ ಇನ್ನೊಂದು ಕಡೆಯವರು ದೇವತೆಯ ಹತ್ತಿರಕ್ಕೆ ಏರಿಸುತ್ತಾರೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಇಬ್ಬರಿಗೂ ಬೇಡ. ಅವಳ ಕೈಯಲ್ಲಿ ಇದ್ದದ್ದು ಮಂತ್ರದಂಡವಲ್ಲ, ಕೊಡತಿ. ಎಲ್ಲರೂ ಸಂತನಿಗಾಗಿ ಕೆಲಸ ಬಿಟ್ಟು ನಿಂತ ದಿನವೂ ಕೆಲಸ ಬಿಡಲಾಗದವಳು ಅವಳೊಬ್ಬಳೇ.

ನಮ್ಮಲ್ಲೂ ಇಂಥವಳಿದ್ದಾಳೆ. ಲಕ್ಷ್ಮೀಶನ ಜೈಮಿನಿ ಭಾರತದ ಚಂಡಿ. ಗಂಡ ಉದ್ದಾಲಕ ಹೇಳಿದ್ದಕ್ಕೆಲ್ಲ ವಿರುದ್ಧ ಮಾಡುವವಳು. ಏಕೆ ಹಾಗೆ ಮಾಡುತ್ತಿದ್ದಳೆಂದು ಯಾರೂ ಕೇಳಲಿಲ್ಲ. ಶಾಪ ಕೊಟ್ಟು ಕಲ್ಲು ಮಾಡಿದರು. ಆದರೂ ನಮ್ಮ ಕವಿ ಒಂದು ಉಪಕಾರ ಮಾಡಿದ್ದಾನೆ. ಅಶ್ವಮೇಧದ ಕುದುರೆ ಬಂದು ಆ ಕಲ್ಲಿಗೆ ಅಂಟಿಕೊಳ್ಳುತ್ತದೆ. ಅರ್ಜುನ ಬಂದು ಮುಟ್ಟುವವರೆಗೆ, ಚಂಡಿಗೆ ಬಿಡುಗಡೆಯಾಗುವವರೆಗೆ, ಯಾಗದ ಕುದುರೆಯೂ ಅಲ್ಲಾಡುವಂತಿಲ್ಲ. ಲೊಕ್ರೊನಾನಿನ ಮೆರವಣಿಗೆ ಮಾತ್ರ ಎಲ್ಲೂ ಅಂಟಿಕೊಳ್ಳದೆ ಮುಂದೆ ಹೋಗುತ್ತದೆ.

ಚಂಡಿ ಎಂಬ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ, ಮನೆಯಲ್ಲೇ ಕಲಿತದ್ದು. ಅಪ್ಪ ಪ್ರತಿವರ್ಷ ಆಷಾಢ ಏಕಾದಶಿಗೆ ದಿಂಡಿಯ ಜೊತೆ ನಡೆದು ಪಂಢರಪುರಕ್ಕೆ ಹೋಗುತ್ತಿದ್ದ. ಬಿತ್ತನೆ ಮುಗಿದು ಬೆಳೆಯ ನಡುವೆ ಕಳೆ ಎದ್ದು ನಿಲ್ಲುವ ಹೊತ್ತು ಅದು. ಅವ್ವ ಕೇಳುತ್ತಿದ್ದಳು: "ಎಡಿ ಹೊಡ್ಯಾಕ ನಿಮ್ಮ ವಿಠ್ಠಲ ಬರ್ತಾನೇನ್ರಿ?" ಅಪ್ಪ ತಾಳ ಕೊರಳಿಗೆ ಹಾಕಿಕೊಂಡು ಸುಮ್ಮನೆ ಹೊರಟುಬಿಡುತ್ತಿದ್ದ. ಕಟ್ಟೆಯ ಮೇಲಿಂದ ಆಯಿ ಅನ್ನುತ್ತಿದ್ದಳು: "ದೇವರ ಕೆಲಸಕ್ಕ ಅಡ್ಡ ಬರ್ತಾಳ, ಚಂಡಿ." ನಾವು ಮಕ್ಕಳೂ ಆಯಿಯ ಕಡೆ. ವಿಠ್ಠಲನ ಹಾಡು ಚೆಂದ, ಅವ್ವನ ಒಟಗುಟ್ಟುವಿಕೆ ಚೆಂದವಲ್ಲ. ನಮಗೆ ಅಷ್ಟೇ ಗೊತ್ತಿದ್ದದ್ದು. ಸಿಟ್ಟು ಬಂದಾಗ ನಾನೂ ಅವ್ವನಿಗೆ ಚಂಡಿ ಅಂದಿದ್ದೇನೆ, ಒಂದು ಸಲವಲ್ಲ. ಅಪ್ಪ ಮರಳಿ ಬಂದಾಗ ಓಣಿಯವರೆಲ್ಲ ಅವನ ಕಾಲಿಗೆ ಬೀಳುತ್ತಿದ್ದರು. ದಾರಿಯ ಕೆಸರು ಹತ್ತಿದ ಅವನ ಧೋತರವನ್ನು ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದು ಒಗೆಯುತ್ತಿದ್ದವಳು ಅವ್ವ. ಎಡೆ ಹೊಡೆಸಿದವಳೂ ಅವಳೇ.

ಅಪ್ಪನ ಭಕ್ತಿ ಸುಳ್ಳೆಂದು ನಾನು ಹೇಳಲಾರೆ. ರೊನಾನನ ದಾರಿ ಸುಳ್ಳೆಂದೂ ಅಲ್ಲ. ಅದೇ ದಾರಿಯಲ್ಲಿ ಕಲ್ಲಿನ ಕುದುರೆ ಎಂದು ಕರೆಯುವ ಒಂದು ದೊಡ್ಡ ಬಂಡೆಯಿದೆ. ಮಕ್ಕಳಾಗದ ಹೆಂಗಸರು ಹಿಂದೆ ಅಲ್ಲಿಗೆ ಬಂದು ಆ ಬಂಡೆಗೆ ಹೊಟ್ಟೆ ಉಜ್ಜಿ ಹರಕೆ ಹೊರುತ್ತಿದ್ದರಂತೆ. ಹೆಂಗಸರ ಆಸೆಗೆ ಒಂದು ಬಂಡೆ ಕೊಟ್ಟ ಯಾತ್ರೆ, ಹೆಂಗಸಿನ ಸಿಟ್ಟಿಗೆ ಕೊಟ್ಟದ್ದು ಭೂಮಿಯೊಳಗಿನ ಗುಂಡಿಯನ್ನು. ಮಗು ಬೇಕೆಂದು ಬೇಡುವವಳು ಒಳಗೆ, ಇರುವ ಮಗುವಿಗೆ ತಂದೆಯ ದುಡಿಮೆ ಬೇಕೆಂದವಳು ಹೊರಗೆ. ನನ್ನ ಆಕ್ಷೇಪ ಇಷ್ಟೇ.

12 ನಿಲುಗಡೆಗಳಿರುವ ದಾರಿಗೆ ಇನ್ನೊಂದು ಸೇರಿಸಿದರೆ ಸಂತನಿಗೆ ಕೊರತೆಯೇನೂ ಆಗದು. 2031ರಲ್ಲಿ ನಡೆಯುವ ಹೆಂಗಸರಲ್ಲಿ ಯಾರಾದರೂ ಒಬ್ಬಳು ಕೆಬೆನ್ ಶಿಲುಬೆಯ ಹತ್ತಿರ ಗಳಿಗೆ ಹೊತ್ತು ನಿಂತರೆ ಸಾಕು. ಹಬ್ಬದ ಹೆಸರು ಕ್ಷಮೆ ಎಂದಾದರೆ, ಕೇಳಬೇಕಾದವರು ಯಾರು, ಕೊಡಬೇಕಾದವರು ಯಾರು ಎಂಬುದನ್ನು ಅಲ್ಲಿ ನಿಂತು ಒಮ್ಮೆ ಯೋಚಿಸಲಿ.

ನಾನಂತೂ ತಡ ಮಾಡಿದೆ. ಅವ್ವ ಹೋಗಿ ಬಹಳ ವರ್ಷಗಳಾದವು. ನಿನಗೆ ಚಂಡಿ ಅಂದದ್ದು ತಪ್ಪಾಯಿತು ಎಂದು ಅವಳಿದ್ದಾಗ ನಾನು ಹೇಳಲಿಲ್ಲ.