ಹುಬಾಶಿಕನ ಐತಿಹ್ಯವೂ ಕೊರಗರ ವಿವಾಹವಿಧಿಯೂ

ಉಡುಪಿ, ಕಾಪು, ಕಾರ್ಕಳ ಸೀಮೆಗಳಲ್ಲಿಯೂ ಅತ್ತ ಮಂಗಳೂರು, ಕಾಸರಗೋಡುಗಳ ವರೆಗೂ ನೆಲಸಿರುವ ಕೊರಗರು ಒಂದು ಕಾಲದಲ್ಲಿ ತುಳುನಾಡನ್ನು ಆಳಿದರೆಂದೂ, ಅವರ ಒಡೆಯನಾದ ಹುಬಾಶಿಕನು ಮಯೂರವರ್ಮನ ವಂಶವನ್ನು ಹೊರದೂಡಿದನೆಂದೂ, ಕಡೆಗೆ ಅವನ ಕಡೆಯವರು ಸೋತು ಕಾಡು ಸೇರಿದರೆಂದೂ ಒಂದು ಐತಿಹ್ಯವುಂಟು. 1801ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಬುಕಾನನ್ ಇದನ್ನು ಕೇಳಿ ಬರೆದುಕೊಂಡನು. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಮತ್ತು ರಂಗಾಚಾರಿಯವರ ಏಳು ಸಂಪುಟಗಳ ಗ್ರಂಥದಲ್ಲಿಯೂ ಇದರ ಪ್ರಸ್ತಾಪವಿದೆ. ಹುಬಾಶಿಕನು ಯಾರು, ಯಾವ ಕಾಲದವನು ಎಂಬುದನ್ನು ಕುರಿತು ಊಹೆಗಳು ಬೇಕಾದಷ್ಟು ಹೊರಟಿವೆ. ಅದಕ್ಕಿಂತ ಮೊದಲು ವಿಚಾರಿಸತಕ್ಕುದು ಇನ್ನೊಂದಿದೆ: ಈ ಕಥೆಯು ಯಾರ ಬಾಯಿಯದು?

ಚರಿತ್ರೆಯ ದೃಷ್ಟಿಯಿಂದ ಇದಕ್ಕೆ ಆಧಾರವು ದುರ್ಬಲವೆಂಬುದರಲ್ಲಿ ಸಂಶಯವಿಲ್ಲ. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜಕವಿಯು ಮಯೂರಶರ್ಮನಿಗೂ ಪಲ್ಲವರಿಗೂ ನಡೆದ ವೈರವನ್ನು ವಿಸ್ತರಿಸಿರುವನಾದರೂ ಹುಬಾಶಿಕನ ಹೆಸರನ್ನೇ ಎತ್ತಿಲ್ಲ. ಆದರೆ ಅದೇ ಶಾಸನವು ಕಾಕುತ್ಸ್ಥವರ್ಮನು ತನ್ನ ಪುತ್ರಿಯರನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟುದನ್ನು ಕೀರ್ತಿಯೆಂದು ಹೊಗಳಿದೆ. ಕನ್ಯಾದಾನದಿಂದ ಎರಡು ಕುಲಗಳು ಬೆಸೆದುಕೊಳ್ಳುವುವೆಂಬ ನಂಬಿಕೆಯು ಅಲ್ಲಿ ಸ್ಪಷ್ಟವಾಗಿದೆ.

ಐತಿಹ್ಯದ ಒಂದು ಪಾಠದಲ್ಲಿ ಈ ನಂಬಿಕೆಯೇ ತಲೆಕೆಳಗಾಗಿದೆ. ಅರಸರ ಹೆಸರುಗಳು ಬಾಯಿಂದ ಬಾಯಿಗೆ ವ್ಯತ್ಯಾಸವಾದರೂ ಕಥೆಯ ತಿರುಳು ಇಷ್ಟು: ರಾಜಕುಲದ ಕನ್ಯೆಯನ್ನು ಕೊಡುವೆವೆಂದು ಕರೆಸಿ, ಮದುವೆಗೆ ನೆರೆದ ಗಂಡಿನ ಕಡೆಯವರನ್ನು ಮೋಸದಿಂದ ಕೊಂದರು. ಇದನ್ನು ಕೂಟನೀತಿಯೆಂದು ಮೆಚ್ಚುವವರು ಇರಬಹುದು. ಆದರೆ ಚಪ್ಪರದೊಳಗೆ ಅತಿಥಿಗಳನ್ನು ಕೊಲ್ಲುವುದು ಯಾವ ಧರ್ಮಶಾಸ್ತ್ರಕ್ಕೂ ಸಮ್ಮತವಲ್ಲ. ಗೆದ್ದವರು ತಮಗೆ ಅಪಕೀರ್ತಿಯನ್ನು ತರುವ ಸಂಗತಿಯನ್ನು ತಾವಾಗಿ ಕಲ್ಪಿಸಿಕೊಳ್ಳುವರೆ? ಆದುದರಿಂದ ಕಥೆಯ ಚೌಕಟ್ಟು ಗೆದ್ದವರದಾದರೂ ಈ ಮದುವೆಯ ಭಾಗದಲ್ಲಿ ಸೋತವರ ಸ್ವರವು ಉಳಿದು ಬಂದಿದೆಯೆಂದು ನನ್ನ ಅಭಿಪ್ರಾಯ.

ಇನ್ನು ಕೊರಗರ ವಿವಾಹವಿಧಿಯನ್ನು ನೋಡೋಣ. ಇತರ ತುಳುವರಲ್ಲಿರುವಂತೆ ಇವರಲ್ಲಿಯೂ ‘ಬಳಿ’ಗಳುಂಟು, ಒಂದೇ ಬಳಿಯವರೊಳಗೆ ಮದುವೆ ಸಲ್ಲದು. ಥರ್ಸ್ಟನ್ನನ ಗ್ರಂಥದ ವರ್ಣನೆಯಂತೆ, ವಧೂವರರು ತಣ್ಣೀರಿನಲ್ಲಿ ಮಿಂದು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವರು. ನಡುವೆ ಒಂದು ಹಿಡಿ ಅಕ್ಕಿ. ಸೂರ್ಯನನ್ನು ಪ್ರಾರ್ಥಿಸಿ ಹಿರಿಯನೊಬ್ಬನು ಆ ಅಕ್ಕಿಯನ್ನು ಅವರ ತಲೆಯ ಮೇಲೆ ಚೆಲ್ಲುವನು. ಬಳಿಕ ಗಂಡಸರು, ಅನಂತರ ಹೆಂಗಸರು. ಆಮೇಲೆ ವರನು ವಧುವಿಗೆ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಡುವನು. ತಲೆಯ ಮೇಲೆ ಅಕ್ಕಿಯನ್ನು ಚೆಲ್ಲುವ ಈ ಕ್ರಿಯೆಯೇ ಹಳಗನ್ನಡದ ‘ಸೇಸೆ’. ಈ ವರ್ಣನೆಯಲ್ಲಿ ಕನ್ಯೆಯನ್ನು ಧಾರೆಯೆರೆದು ಕೊಡುವ ದಾತೃವಿನ ಮಾತೇ ಇಲ್ಲ. ಮದುವೆಯನ್ನು ಮದುವೆಯನ್ನಾಗಿ ಮಾಡುವವರು ನೆರೆದ ಜನರೇ.

ನಮ್ಮ ಶಾಸ್ತ್ರಿಗಳಲ್ಲಿ ಯಾರಾದರೂ ಆ ಎರಡು ನಾಣ್ಯಗಳನ್ನು ಕಂಡು ಇದನ್ನು ಆಸುರವಿವಾಹವೆಂದು ತಳ್ಳಿಬಿಡುವ ಸಂಭವವುಂಟು. ಅದು ಸರಿಯಲ್ಲ. ಜ್ಞಾತಿಗಳು ತೆಗೆದುಕೊಳ್ಳದೆ ಕನ್ಯೆಗೇ ಸಲ್ಲುವ ದ್ರವ್ಯವು ವಿಕ್ರಯವಲ್ಲ, ಅದು ಅವಳಿಗೆ ಮಾಡುವ ಪೂಜೆ ಎಂದು ಮನುವೇ ಮೂರನೆಯ ಅಧ್ಯಾಯದಲ್ಲಿ ನಿರ್ಣಯಿಸಿರುವನು. ಜನಪದಧರ್ಮ, ಗ್ರಾಮಧರ್ಮಗಳು ನಾನಾವಿಧವಾಗಿವೆ, ವಿವಾಹದಲ್ಲಿ ಅವನ್ನು ಅನುಸರಿಸತಕ್ಕುದು ಎಂದು ಆಶ್ವಲಾಯನನ ವಿಧಿ. ಶಾಸ್ತ್ರವು ಒಪ್ಪಿದುದನ್ನು ಶಾಸ್ತ್ರಜ್ಞನು ಹೀನವೆನ್ನುವುದು ಹೇಗೆ?

ಐತಿಹ್ಯದ ವಂಚನೆಯಿಂದಲೇ ಈ ವಿಧಿ ಹುಟ್ಟಿತೆಂದು ನಾನು ಸಾಧಿಸುವುದಿಲ್ಲ. ಅಂತಹ ಕಾರ್ಯಕಾರಣಭಾವಕ್ಕೆ ಪ್ರಮಾಣವಿಲ್ಲ. ಎರಡನ್ನೂ ಬಳಿಬಳಿಯಲ್ಲಿಟ್ಟು ಓದಿದಾಗ ಅರ್ಥವು ಬೆಳಗುವುದೆಂಬುದಷ್ಟೇ ನನ್ನ ಮಾತು. ಒಂದರಲ್ಲಿ ಅರಸನ ಕೊಡುಗೆಯೇ ಬಲೆಯಾಯಿತು. ಇನ್ನೊಂದರಲ್ಲಿ ಒಂದು ಹಿಡಿ ಅಕ್ಕಿಯೇ ಸಾಕ್ಷಿಯಾಯಿತು. ಕೊರಗ ತನಿಯನ ಪಾಡ್ದನವೂ ಇಲ್ಲಿ ನೆನಪಿಗೆ ಬರುವುದು. ಅಲ್ಲಿ ರಾಜ್ಯವೂ ಇಲ್ಲ, ಯುದ್ಧವೂ ಇಲ್ಲ. ಅನಾಥನನ್ನು ಬೈದೆದಿಯೊಬ್ಬಳು ಸಾಕಿ ಬೆಳೆಸುವಳು. ಹಲವರ ಹೊರೆಯನ್ನು ಒಬ್ಬನೇ ಹೊತ್ತು ತಂದವನಿಗೆ ದೇವಸ್ಥಾನದ ಒಳಗೆ ಪ್ರವೇಶವಿಲ್ಲ. ಕೊನೆಗೆ ಅವನು ಮಾಯವಾಗಿ ದೈವವಾಗುವನು. ಇಂದು ಎಲ್ಲ ಜಾತಿಯವರೂ ಕೊರಗಜ್ಜನ ಕಟ್ಟೆಗೆ ವೀಳ್ಯ, ಚಕ್ಕುಲಿಗಳನ್ನು ಒಪ್ಪಿಸಿ ಕೈಮುಗಿಯುತ್ತಾರೆ.

ದೈವಕ್ಕೆ ಕೈಮುಗಿದ ಸಮಾಜವೇ ಮನುಷ್ಯರನ್ನು ಅಜಲಿಗೆ ಗುರಿಮಾಡಿತು. ಕೂದಲು, ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸಿ ತಮ್ಮ ಅನಿಷ್ಟವನ್ನು ಅವರ ಮೇಲೆ ಹಾಕುವ ಈ ಪದ್ಧತಿಯನ್ನು ಕರ್ನಾಟಕವು 2000ದ ಅಧಿನಿಯಮದಿಂದ ನಿಷೇಧಿಸಿತು. ‘ಸೋತವರು, ಆದುದರಿಂದ ಕೀಳಾದವರು’ ಎಂದು ಹುಬಾಶಿಕನ ಕಥೆಯನ್ನು ಓದುವ ವಿದ್ವಾಂಸನು ತಿಳಿದೋ ತಿಳಿಯದೆಯೋ ಅಂತಹ ಪದ್ಧತಿಗೆ ನ್ಯಾಯವನ್ನು ಒದಗಿಸಿಕೊಡುತ್ತಾನೆ. ಕಥೆಯು ಹೇಳುವುದು ಅವರ ಅಯೋಗ್ಯತೆಯನ್ನಲ್ಲ, ಅವರಿಗೆ ಕೊಟ್ಟ ಮಾತು ಮುರಿದುದನ್ನು.

ಕೊರಗರಿಗೆ ತಮ್ಮದೇ ಆದ ಭಾಷೆಯುಂಟು, ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಅದರ ವ್ಯಾಕರಣವನ್ನು ನಿರೂಪಿಸಿರುವರು. ಉಡುಪಿಯಲ್ಲಿ ಸಿದ್ಧವಾದ ತುಳು ನಿಘಂಟುವೂ ಕೈಯಲ್ಲಿದೆ. ಐತಿಹ್ಯದ ಮದುವೆಯ ಭಾಗವನ್ನು ಕೊರಗರ ಹಿರಿಯರ ಬಾಯಿಂದ, ಅವರ ನುಡಿಯಲ್ಲಿಯೇ ಬರೆದುಕೊಂಡು ಈ ಪಾಠಗಳೊಡನೆ ಹೋಲಿಸಿದ ಮೇಲೆ ನನ್ನ ಅಭಿಪ್ರಾಯವು ನಿಲ್ಲುವುದೋ ಬೀಳುವುದೋ ಗೊತ್ತಾಗುವುದು. ಆ ಕಾರ್ಯವನ್ನು ಈ ಸೀಮೆಯ ಅಧ್ಯಾಪಕರು ಕೈಗೊಳ್ಳುವರೆಂದು ಆಶಿಸುತ್ತೇನೆ.