ಪ್ರತಿನಿಧಿ ಬದಲಾದರೂ ಉತ್ತರ ಬದಲಾಗಬಾರದು

1/2, 2/4, 3/6 ಬೇರೆ ಬೇರೆಯಾಗಿ ಬರೆದರೂ ಬೆಲೆ ಒಂದೇ. ಶಾಲೆಯಲ್ಲಿ ಇದನ್ನು ಒಪ್ಪಿಕೊಂಡು ಮುಂದೆ ಸಾಗಿಬಿಡುತ್ತೇವೆ. ನಿಂತು ನೋಡಬೇಕಾದ ಜಾಗ ಇದು. ಭಿನ್ನರಾಶಿಯೆಂದರೆ ಅಂಶ, ಛೇದಗಳ ಒಂದು ಜೋಡಿಯಲ್ಲ, ಅದೇ ಬೆಲೆಯ ಎಲ್ಲ ಜೋಡಿಗಳ ಇಡೀ ಗುಂಪು. ಇಂಥ ಗುಂಪೇ ಸಮಾನತಾ ವರ್ಗ. ಸಮ ಎನ್ನುವುದಕ್ಕೆ ಮೂರು ಕಟ್ಟಳೆ: ಪ್ರತಿಯೊಂದೂ ತನಗೆ ತಾನು ಸಮ, ಇದು ಅದಕ್ಕೆ ಸಮವಾದರೆ ಅದೂ ಇದಕ್ಕೆ ಸಮ, ಇದು ಅದಕ್ಕೂ ಅದು ಮತ್ತೊಂದಕ್ಕೂ ಸಮವಾದರೆ, ಇದು ಆ ಮತ್ತೊಂದಕ್ಕೂ ಸಮ. ಇಷ್ಟಿದ್ದರೆ ಇಡೀ ಗಣವು ಒಂದರೊಳಗೊಂದು ಬೆರೆಯದ ಗುಂಪುಗಳಾಗಿ ಒಡೆಯುತ್ತದೆ.

ಭಿನ್ನರಾಶಿ ಕೂಡುವಾಗ ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಡುತ್ತಾರೆ. ತಪ್ಪೆಂದು ಗೆರೆ ಎಳೆದರೆ ಸಾಲದು, ಏಕೆಂದು ತೋರಿಸಬೇಕು. 1/2ಕ್ಕೆ 1/3ನ್ನು ಹಾಗೆ ಕೂಡಿದರೆ 2/5 ಬರುತ್ತದೆ. 1/2ರ ಜಾಗದಲ್ಲಿ ಅದೇ ಗುಂಪಿನ ಇನ್ನೊಂದು ಪ್ರತಿನಿಧಿ 2/4 ಇಡಿ, 3/7 ಬರುತ್ತದೆ. ಪ್ರತಿನಿಧಿ ಬದಲಾದ ಮಾತ್ರಕ್ಕೆ ಉತ್ತರ ಬದಲಾಯಿತು! ಎಂದರೆ ಆ ಕ್ರಿಯೆ ಜೋಡಿಗಳಿಗೆ ಸೇರಿದ್ದು, ಭಿನ್ನರಾಶಿಗಳಿಗಲ್ಲ. ಸರಿಯಾದ ಸಂಕಲನದಲ್ಲಿ ಒಮ್ಮೆ 5/6, ಇನ್ನೊಮ್ಮೆ 10/12. ಎರಡೂ ಒಂದೇ ಗುಂಪು. ಮೂರು ಕಟ್ಟಳೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಪ್ರತಿನಿಧಿ ಬದಲಿಸಿ ನೋಡುವ ಈ ಒಂದು ಪರೀಕ್ಷೆಯನ್ನು ಕಲಿಸುವುದು ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ. ವ್ಯತ್ಯಾಸಗಳನ್ನು ಮರೆಯುವ ಹಕ್ಕು ನಮಗೆ ಬರುವುದು ಅದರಲ್ಲಿ ಗೆದ್ದ ಮೇಲೆಯೇ.

ಆ ಹಕ್ಕು ಸಿಕ್ಕರೆ ಏನೆಲ್ಲ ಸಾಧ್ಯ! 1801ರಲ್ಲಿ, 24ರ ಹರೆಯದ ಗಣಿತಜ್ಞ ಗೌಸ್ ತನ್ನ ‘ಡಿಸ್ಕ್ವಿಸಿಷಿಯೋನೆಸ್ ಅರಿತ್ಮೆಟಿಕೇ’ ಗ್ರಂಥದ ಆರಂಭದಲ್ಲೇ ಶೇಷ ಒಂದೇ ಆಗುವ ಪೂರ್ಣಾಂಕಗಳನ್ನು ಒಟ್ಟುಗೂಡಿಸಿ, ಅವುಗಳ ನಡುವೆ ಮೂರು ಗೆರೆಯ ಚಿಹ್ನೆ ಇಟ್ಟ. 4ರಿಂದ ಭಾಗಿಸಿದರೆ ಅನಂತ ಪೂರ್ಣಾಂಕಗಳಿಗೆ ನಾಲ್ಕೇ ಗುಂಪು. ವರ್ಗಸಂಖ್ಯೆಗಳ ಶೇಷ 0 ಇಲ್ಲವೇ 1. ಅಂಥ ಎರಡನ್ನು ಕೂಡಿದರೆ 3 ಎಂದೂ ಬಾರದು. 2027ರ ಶೇಷ 3. ಹಾಗಾಗಿ ಯಾವ ಎರಡು ವರ್ಗಸಂಖ್ಯೆಗಳ ಮೊತ್ತವೂ 2027 ಆಗದು. ಒಂದೊಂದಾಗಿ ಹುಡುಕುವ ಕೆಲಸವೇ ಇಲ್ಲ.

1847ರಲ್ಲಿ ಗಣಿತಜ್ಞ ಕೋಶಿ ಇದೇ ಉಪಾಯವನ್ನು ಬಹುಪದಗಳಿಗೆ ಹಚ್ಚಿದ. ಚರಾಕ್ಷರವನ್ನು ‘ಯ’ ಎನ್ನೋಣ. ಯ²+1ರಿಂದ ಭಾಗಿಸಿದಾಗ ಶೇಷ ಒಂದೇ ಆಗುವ ಬಹುಪದಗಳೆಲ್ಲ ಸಮ ಎಂದುಕೊಂಡರೆ, ಯ²ಗೂ −1ಗೂ ಇರುವ ಅಂತರ ಯ²+1 ತಾನೇ? ಅವೆರಡೂ ಒಂದೇ ಗುಂಪು. ಶತಮಾನಗಳ ಕಾಲ ಗಣಿತಜ್ಞರನ್ನು ಕಾಡಿದ −1ರ ವರ್ಗಮೂಲ, ಬರೀ ‘ಯ’ ಇರುವ ಗುಂಪಾಗಿ ಕೈಗೆ ಸಿಕ್ಕಿತು.